ಚೌಕಟ್ಟಿನ ಹೊರಗಿನ ಮರದ ನೆರಳು

ಇಂಪ್ರೆಷನಿಸಂ ಅಂದ ಕೂಡಲೇ ನಮ್ಮಲ್ಲಿ ಬೆಳಕಿನ ಮಾತು ಶುರುವಾಗುತ್ತದೆ. ಬೆಳಕು ನೀರಿನ ಮೇಲೆ ಹೇಗೆ ಬಿತ್ತು, ಎಲೆಯ ಮೇಲೆ ಹೇಗೆ ನಡುಗಿತು, ಮಂಜಿನಲ್ಲಿ ಹೇಗೆ ಕರಗಿತು ಎಂದು ಕಲಾರಸಿಕರು ಪುಟಗಟ್ಟಲೆ ಬರೆಯಬಲ್ಲರು. ಅದೇ ಬೆಳಕು ಹೊಲದಲ್ಲಿ ಬಾಗಿದ ಬೆನ್ನಿನ ಮೇಲೂ ಬಿದ್ದಿತ್ತು. ಆ ಬೆನ್ನು ಎಷ್ಟು ಹೊತ್ತಿನಿಂದ ಬಾಗಿತ್ತು, ಯಾರ ಹೊಲದಲ್ಲಿ ಬಾಗಿತ್ತು, ಸಂಜೆ ಅದಕ್ಕೆ ಸಿಕ್ಕಿದ್ದೇನು ಎಂಬ ಪ್ರಶ್ನೆಗಳು ಮಾತ್ರ ರಸಾಸ್ವಾದದ ಹೊಸ್ತಿಲ ಆಚೆಗೇ ನಿಂತುಬಿಡುತ್ತವೆ. ಇವು ಸಮಾಜಶಾಸ್ತ್ರದ ಪ್ರಶ್ನೆಗಳು, ಕಲೆಗೆ ಇವುಗಳ ಗೊಡವೆ ಬೇಡ ಅಂತ ಹೇಳಿ ಬಾಯಿ ಮುಚ್ಚಿಸುವವರೂ ಇದ್ದಾರೆ. ಕೂಲಿ ಮಾಡುವವರ ಮನೆಯಿಂದ ಬಂದು ಕಾಲೇಜಿನಲ್ಲಿ ಪಾಠ ಹೇಳುವ ನನ್ನಂಥವರಿಗೆ ಇವು ಕಲೆಯ ಒಳಗಿನ ಪ್ರಶ್ನೆಗಳೇ. ಇವನ್ನು ಒಬ್ಬ ಚಿತ್ರಕಾರನನ್ನು ಮುಂದಿಟ್ಟುಕೊಂಡು ಕೇಳಬಯಸುತ್ತೇನೆ. ಅವನು ಕಮೀಲ್ ಪಿಸ್ಸಾರೊ (1830–1903).

ಇವನನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ದುಡಿಯುವವರನ್ನು ಕಂಡರೆ ಮೂಗು ಮುರಿಯುವ ಕಲಾವಿದನನ್ನು ಬಯ್ಯುವುದು ಸುಲಭ. ಅದರಿಂದ ನಾವು ಕಲಿಯುವುದೇನೂ ಇಲ್ಲ. ದುಡಿಯುವವರ ಪರವಾಗಿ ನಿಂತವನ ಕೈಯಲ್ಲಿ ದುಡಿಮೆ ಏನಾಗುತ್ತದೆ ಎಂದು ನೋಡುವುದು ಕಷ್ಟದ ಕೆಲಸ, ಆದರೆ ಆಗಬೇಕಾದ ಕೆಲಸ. ಪಿಸ್ಸಾರೊ ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದಲ್ಲಿ. ಆಗ ಅದು ಡೆನ್ಮಾರ್ಕಿನ ವಸಾಹತು. ಅವನು ಯಹೂದಿ ವ್ಯಾಪಾರಿಯ ಮಗ. ತಂದೆ ತನ್ನ ಹತ್ತಿರದ ಬಂಧುವೊಬ್ಬನ ವಿಧವೆಯನ್ನು ಮದುವೆಯಾದದ್ದನ್ನು ಅವರ ಜನವೇ ಒಪ್ಪಲಿಲ್ಲ. ಹಾಗಾಗಿ ಮಕ್ಕಳು ಕಪ್ಪು ಮಕ್ಕಳು ಓದುತ್ತಿದ್ದ ಶಾಲೆಗೆ ಹೋದರು. ಡೆನ್ಮಾರ್ಕಿನ ಆ ದ್ವೀಪಗಳಲ್ಲಿ ಗುಲಾಮಗಿರಿ ರದ್ದಾದದ್ದು 1848ರ ಜುಲೈನಲ್ಲಿ. ಆಗ ಅವನಿಗೆ ಹದಿನೆಂಟು ತುಂಬುತ್ತಿತ್ತು. ದುಡಿಯುವ ಮೈಯೇ ಇನ್ನೊಬ್ಬನ ಆಸ್ತಿಯಾಗಿದ್ದ ಲೋಕವೊಂದನ್ನು ನೋಡಿ ಬೆಳೆದವನು ಅವನು. 1855ರಲ್ಲಿ ಪ್ಯಾರಿಸ್ಸಿಗೆ ಬಂದ. 1874ರಿಂದ 1886ರವರೆಗೆ ನಡೆದ ಎಂಟು ಇಂಪ್ರೆಷನಿಸ್ಟ್ ಪ್ರದರ್ಶನಗಳಲ್ಲಿ ಎಂಟರಲ್ಲೂ ಚಿತ್ರ ಇಟ್ಟವನು ಇವನೊಬ್ಬನೇ. ರಾಜಕೀಯವಾಗಿ ಅರಾಜಕತಾವಾದಿ, ಒಡೆಯನೂ ಬೇಡ, ಸರ್ಕಾರವೂ ಬೇಡ ಎಂದು ನಂಬಿದವನು. ಗೆಳೆಯರು ದೋಣಿವಿಹಾರ, ನೃತ್ಯ, ಕೆಫೆಗಳನ್ನು ಹೆಚ್ಚಾಗಿ ಬರೆಯುತ್ತಿದ್ದಾಗ ಇವನು ಪೊಂತ್ವಾಸ್ ಮತ್ತು ಎರಾನ್ಯಿಯ ಹೊಲಗಳಲ್ಲಿ ದುಡಿಯುವ ಹೆಂಗಸರನ್ನು ಬರೆದ.

ಪಿಸ್ಸಾರೊ ಮಾಡಿದ್ದೇನು ಅಂತ ತಿಳಿಯಬೇಕಾದರೆ ಅವನಿಗಿಂತ ಹಿಂದಿನ ಮಿಲೆಯನ್ನು ನೋಡಬೇಕು. ಝಾಂ ಫ್ರಾಂಸ್ವಾ ಮಿಲೆ ನಾರ್ಮಂಡಿಯ ರೈತಾಪಿ ಮನೆಯವನು, ಇಂಪ್ರೆಷನಿಸ್ಟ್ ಅಲ್ಲ. 1857ರ ಅವನ ಪ್ರಸಿದ್ಧ ಚಿತ್ರದಲ್ಲಿ ಮೂವರು ಹೆಂಗಸರು ಕೊಯ್ಲಾದ ಗೋಧಿ ಹೊಲದಲ್ಲಿ ಹಕ್ಕಲು ಆಯುತ್ತಿದ್ದಾರೆ. ಹಕ್ಕಲಾಯುವುದು ಅಂದರೇನು ಎಂದು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಫ್ರಾನ್ಸಿನಲ್ಲಿ ಅದು ಬಡವರಿಗೆ ಬಿಟ್ಟುಕೊಟ್ಟ ಹಳೆಯ ಹಕ್ಕು, ಅದಕ್ಕೂ ಕಟ್ಟಳೆಯಿತ್ತು. ಹೊಲದ ಪೈರು ಪೂರ್ತಿ ತೆಗೆದ ಮೇಲೆಯೇ ಇಳಿಯಬೇಕು, ಸೂರ್ಯ ಹುಟ್ಟುವ ಮುಂಚೆ, ಮುಳುಗಿದ ಮೇಲೆ ಆಯುವಂತಿಲ್ಲ. ಮಿಲೆಯ ಚಿತ್ರದ ಹಿನ್ನೆಲೆಯಲ್ಲಿ ಬೆಟ್ಟದಂಥ ಮೆದೆಗಳಿವೆ, ತುಂಬಿದ ಗಾಡಿಯಿದೆ. ಬಲಗಡೆ, ಬಹಳ ದೂರದಲ್ಲಿ, ಕುದುರೆಯ ಮೇಲೆ ಕೂತ ಒಬ್ಬ ಮನುಷ್ಯನಿದ್ದಾನೆ. ಅವನು ಹೊಲದ ಮೇಲ್ವಿಚಾರಕ. ಬೆರಳ ತುದಿಯಷ್ಟೇ ಇದ್ದಾನೆ, ಆದರೆ ಇದ್ದಾನೆ. ಯಜಮಾನಿಕೆ ಚೌಕಟ್ಟಿನ ಒಳಗೇ ಇದೆ.

ಆದರೆ ಮಿಲೆಯಲ್ಲಿ ಇನ್ನೊಂದು ತೊಡಕಿದೆ. ಅವನ ದುಡಿಯುವವರು ಕಲ್ಲಿನ ವಿಗ್ರಹಗಳಂತೆ ಗಂಭೀರ. ಅವರ ಬಡತನಕ್ಕೆ ಪಾವಿತ್ರ್ಯದ ಲೇಪವಿದೆ. ಹೊಲದ ನಡುವೆ ತಲೆಬಾಗಿ ಪ್ರಾರ್ಥಿಸುವ ಗಂಡಹೆಂಡಿರನ್ನು ಬರೆದ ಅವನ 'ಆಂಜೆಲಸ್' ಚಿತ್ರವನ್ನು 1890ರಲ್ಲಿ ಪ್ಯಾರಿಸ್ಸಿನ ದೊಡ್ಡ ಅಂಗಡಿಯೊಂದರ ಮಾಲೀಕ ಶೋಶಾರ್ ಎಂಬವನು 8 ಲಕ್ಷ ಫ್ರಾಂಕ್ ಕೊಟ್ಟು ಕೊಂಡ. ಬಡವರು ಪ್ರಾರ್ಥನೆ ಮಾಡುತ್ತಾ ನಿಂತಿರುವವರೆಗೆ ಶ್ರೀಮಂತರ ಗೋಡೆಗೆ ಅವರಿಂದ ಯಾವ ಅಪಾಯವೂ ಇಲ್ಲ! ವಿಮರ್ಶಕರು ತನ್ನನ್ನು ಮಿಲೆಗೆ ಹೋಲಿಸಿದಾಗ ಪಿಸ್ಸಾರೊ ಒಪ್ಪಲಿಲ್ಲ. ಮಿಲೆಯದು ಬೈಬಲ್ಲಿನ ಕಣ್ಣು ಎಂಬುದು ಅವನ ಆಕ್ಷೇಪ. ಈ ಆಕ್ಷೇಪ ನಮಗೆ ಮುಖ್ಯ. ದುಡಿಮೆಯನ್ನು ಪೂಜೆ ಎಂದು ಕರೆಯುವವರು ಸಾಮಾನ್ಯವಾಗಿ ಅದನ್ನು ಮಾಡುವವರಲ್ಲ ಎಂಬುದು ನಮ್ಮ ಅನುಭವವೂ ಹೌದು.

ಈಗ ಪಿಸ್ಸಾರೊನ 1873ರ 'ಇಬ್ಬನಿ ಹೆಪ್ಪುಗಟ್ಟಿದ ಬೆಳಗು' ಚಿತ್ರಕ್ಕೆ ಬರೋಣ. 1874ರ ಮೊದಲ ಪ್ರದರ್ಶನದಲ್ಲಿದ್ದ ಈ ಚಿತ್ರ ಈಗ ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿದೆ. ಉತ್ತ ಹೊಲ, ಚಳಿಗಾಲದ ಮುಂಜಾವು, ಬೆನ್ನ ಮೇಲೆ ಸೌದೆ ಹೊರೆ ಹೊತ್ತು ಕೋಲೂರಿ ನಡೆಯುತ್ತಿರುವ ಒಬ್ಬ ಮನುಷ್ಯ. ಅಷ್ಟೆ. ಲೂಯಿ ಲರ್ವಾ ಎಂಬ ಪತ್ರಕರ್ತ ಇದನ್ನು ಗೇಲಿ ಮಾಡಿದ. ಇವು ನೇಗಿಲ ಸಾಲುಗಳಲ್ಲ, ಬಣ್ಣದ ಹಲಗೆಯಿಂದ ಕೆರೆದು ಹಾಕಿದ ಕಸ ಎಂಬ ಧಾಟಿ ಅವನದು. ಕಾಸ್ತನ್ಯಾರಿ ಎಂಬ ವಿಮರ್ಶಕನದು ಬೇರೆಯೇ ತಕರಾರು. ಹೊಲದ ಮೇಲೆ ಉದ್ದುದ್ದ ನೆರಳುಗಳು ಬಿದ್ದಿವೆ, ಆದರೆ ಆ ನೆರಳಿನ ಮರಗಳು ಚಿತ್ರದಲ್ಲಿಲ್ಲ; ಚೌಕಟ್ಟಿನ ಹೊರಗಿನ ಮರದ ನೆರಳನ್ನು ಒಳಗೆ ಬರೆಯುವುದು ತಪ್ಪು ಎಂಬುದು ಅವನ ವಾದ.

ನನಗೆ ಈ ತಪ್ಪೇ ಇಡೀ ಚಿತ್ರದ ಜೀವ ಅನ್ನಿಸುತ್ತದೆ. ಕಾಣದ ಮರ ಕಾಣುವ ನೆಲದ ಮೇಲೆ ಬೀಳುತ್ತದೆ ಎಂದು ಆ ಚಿತ್ರ ಒಪ್ಪಿಕೊಳ್ಳುತ್ತದೆ. ಆ ಸೌದೆ ಹೊತ್ತವನು ನಡೆಯುತ್ತಿರುವುದು ಆ ನೆರಳುಗಳ ನಡುವೆಯೇ. ಅವನ ಹೊರೆಗೆ ಕಾರಣವಾದ ಸಂಗತಿಗಳೂ ಮರಗಳ ಹಾಗೆಯೇ ಚೌಕಟ್ಟಿನ ಹೊರಗಿವೆ. ಆ ಕಾಡು ಯಾರದು? ಸೌದೆ ಮಾರಲಿಕ್ಕೋ ಸ್ವಂತ ಒಲೆಗೋ? ಚಿತ್ರ ಹೇಳುವುದಿಲ್ಲ. ಆದರೆ ಹೊರಗೆ ಏನೋ ಇದೆ ಎಂಬ ಗುರುತನ್ನಾದರೂ ನೆಲದ ಮೇಲೆ ಉಳಿಸಿದೆ.

1880ರ ದಶಕದಲ್ಲಿ ಪಿಸ್ಸಾರೊನ ಮನುಷ್ಯರು ದೂರದಿಂದ ಹತ್ತಿರಕ್ಕೆ ಬರುತ್ತಾರೆ. ಇಲ್ಲಿ ಅವನು ಒಂದು ದೊಡ್ಡ ಕೆಲಸ ಮಾಡಿದ. ದುಡಿಯುವ ಹೆಂಗಸು ದಣಿವಾರಿಸಿಕೊಳ್ಳುವುದನ್ನು, ಮಾತಾಡುವುದನ್ನು, ಸುಮ್ಮನೆ ಕೂತು ಕಾಫಿ ಕುಡಿಯುವುದನ್ನು ಬರೆದ. 1881ರ ಚಿತ್ರವೊಂದರಲ್ಲಿ ರೈತಾಪಿ ಹುಡುಗಿಯೊಬ್ಬಳು ಕಿಟಕಿಯ ಹತ್ತಿರ ಬಟ್ಟಲಿಗೆ ಚಮಚ ಹಾಕಿಕೊಂಡು ಕೂತಿದ್ದಾಳೆ. ಯಾರ ಕನಿಕರವನ್ನೂ ಅವಳು ಬೇಡುತ್ತಿಲ್ಲ. 1886ರ ಕೊನೆಯ ಪ್ರದರ್ಶನದಲ್ಲಿದ್ದ 'ಸೇಬು ಕೀಳುವುದು' ಚಿತ್ರದಲ್ಲಿ ಒಬ್ಬಳು ಗಳು ಎತ್ತಿ ಮರಕ್ಕೆ ಬಡಿಯುತ್ತಿದ್ದಾಳೆ, ಒಬ್ಬಳು ಬಾಗಿ ಆಯುತ್ತಿದ್ದಾಳೆ, ಇನ್ನೊಬ್ಬಳು ಸೇಬು ತಿನ್ನುತ್ತಿದ್ದಾಳೆ. ಇದು ಈಗ ಜಪಾನಿನ ಕುರಾಶಿಕಿಯಲ್ಲಿದೆ.

ಈ ಚಿತ್ರದ ಮುದ್ರಿತ ಪ್ರತಿಯನ್ನು ತರಗತಿಯಲ್ಲಿ ತೋರಿಸಿದಾಗ ಕಾಫಿ ತೋಟದ ಲೈನುಮನೆಯಲ್ಲಿ ಬೆಳೆದ ಹುಡುಗಿಯೊಬ್ಬಳು ಬಹಳ ಹೊತ್ತು ನೋಡಿ ಕೇಳಿದಳು: "ಅವಳು ತಿಂತಾ ನಿಂತಿದಾಳಲ್ಲ ಸಾರ್, ಮೇಸ್ತ್ರಿ ಬಯ್ಯಲ್ವಾ?"

ಉಳಿದವರು ನಕ್ಕರು. ಆದರೆ ಇಂಪ್ರೆಷನಿಸಂ ಬಗ್ಗೆ ನಾನು ಓದಿದ ಎಷ್ಟೋ ಪುಸ್ತಕಗಳಿಗಿಂತ ಈ ಒಂದು ಪ್ರಶ್ನೆ ದೊಡ್ಡದು. ಇದಕ್ಕೆ ಎರಡು ಉತ್ತರಗಳಿವೆ, ಎರಡೂ ನಿಜ. ಮೊದಲನೆಯದು: ಒಡೆಯನಿಲ್ಲದ ಲೋಕವನ್ನು ಬಯಸಿದ ಪಿಸ್ಸಾರೊ ಮೇಸ್ತ್ರಿಯಿಲ್ಲದ ತೋಟವನ್ನು ಬರೆದ. ಬೆಳೆದವರೇ ತಿನ್ನುವ, ಬೇಕೆನಿಸಿದಾಗ ನಿಲ್ಲುವ, ಕೆಲಸದ ನಡುವೆ ಮಾತಾಡುವ ದುಡಿಮೆ ಅವನ ಕನಸು. ಆ ಕನಸನ್ನು ನಾನು ಹಗುರಾಗಿ ಕಾಣಲಾರೆ. ಎರಡನೆಯದು: ಬಯಸಿದ್ದನ್ನು ಇದೆ ಎಂಬಂತೆ ಬರೆದಾಗ, ಇರುವ ಮೇಸ್ತ್ರಿ ನಿರಾಳವಾಗಿ ಮಾಯವಾಗುತ್ತಾನೆ. 1889ರಲ್ಲಿ ಪಿಸ್ಸಾರೊ ಸ್ವತಃ ಹಕ್ಕಲಾಯುವವರನ್ನು ಬರೆದ. ಅದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ. ಅದೇ ಬಾಗಿದ ಬೆನ್ನುಗಳು, ಆದರೆ ಮಿಲೆಯ ಕುದುರೆ ಸವಾರ ಅಲ್ಲಿ ನನಗೆ ಕಾಣುವುದಿಲ್ಲ. ಹೊಲದ ತುಂಬ ಬಿಸಿಲೇ ಬಿಸಿಲು. ಮಿಲೆ ಕನಿಕರದಿಂದ ಬರೆದ, ಆದರೆ ಯಜಮಾನನನ್ನು ಬಿಡಲಿಲ್ಲ. ಪಿಸ್ಸಾರೊ ಕನಿಕರವನ್ನು ಕಿತ್ತುಹಾಕಿದ, ಜೊತೆಗೆ ಯಜಮಾನನೂ ಹೋದ.

ಇದು ಒಬ್ಬ ವ್ಯಕ್ತಿಯ ಮರೆವಲ್ಲ, ಆ ಚಿತ್ರಮಾರ್ಗದ ಒಳಗೇ ಇರುವ ಸಂಗತಿ. ಇಂಪ್ರೆಷನಿಸಂನ ಪ್ರಮಾಣ ಒಂದೇ: ಈ ಕ್ಷಣ ಕಣ್ಣಿಗೆ ಕಂಡದ್ದು. ಪುರಾಣ ಬೇಡ, ನೀತಿಬೋಧೆ ಬೇಡ, ಅರಮನೆಯ ಇತಿಹಾಸ ಬೇಡ, ಕಂಡದ್ದನ್ನು ಬರೆ. ಅರಸರ, ದೇವತೆಗಳ ಚಿತ್ರಗಳಿಂದ ತುಂಬಿದ್ದ ಕಲಾಲೋಕದಲ್ಲಿ ಇದು ನಿಜಕ್ಕೂ ಬಂಡಾಯ. ಮನುಷ್ಯನ ಮುಖಕ್ಕೂ ಎಲೆಕೋಸಿನ ಎಲೆಗೂ ಒಂದೇ ಬಗೆಯ ಕುಂಚದ ಏಟು. 1880ರ ದಶಕದ ಕೊನೆಗೆ ಪಿಸ್ಸಾರೊ ಚುಕ್ಕೆ ಚುಕ್ಕೆಯಾಗಿ ಬಣ್ಣ ಇಡುವ ಪದ್ಧತಿ ಹಿಡಿದಾಗಲಂತೂ ಹೆಂಗಸು, ಮರ, ಮಣ್ಣು ಎಲ್ಲವೂ ಸಮಾನ ಚುಕ್ಕೆಗಳು. ಇಲ್ಲಿ ಮೇಲುಕೀಳಿಲ್ಲ. ಆದರೆ ಬಾಗಿದ ಬೆನ್ನೂ ಬಾಗಿದ ಕೊಂಬೆಯೂ ಸಮಾನವಾದರೆ, ಬೆನ್ನು ಬಾಗಿದ್ದಕ್ಕೆ ಕಾರಣ ಕೇಳುವ ಅಗತ್ಯವೇ ಬೀಳುವುದಿಲ್ಲ. ಕೊಂಬೆ ಹಣ್ಣಿನ ಭಾರಕ್ಕೆ ಬಾಗುತ್ತದೆ. ಹೆಂಗಸು ಹೊಟ್ಟೆಯ ಭಾರಕ್ಕೆ. ಇನ್ನೊಂದು ಮಾತು: ದುಡಿಮೆ ಕ್ಷಣದಲ್ಲಿಲ್ಲ, ಹೊತ್ತಿನಲ್ಲಿದೆ. ಬೆಳಗಿನ ಏಳಕ್ಕೆ ಬಾಗಿದ ಬೆನ್ನೂ ಸಂಜೆ ಐದಕ್ಕೆ ಬಾಗಿದ ಬೆನ್ನೂ ಕಣ್ಣಿಗೆ ಒಂದೇ ಗೆರೆ. ನೋವು ಬೇರೆ.

ಈ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂದು ನೋಡಬೇಕಾದರೆ ಮೊನೆಯ 1890–91ರ ಮೆದೆಗಳ ಚಿತ್ರಮಾಲೆಯನ್ನು ನೋಡಬೇಕು. ಜಿವೆರ್ನಿಯ ತನ್ನ ಮನೆಯ ಪಕ್ಕದ ಹೊಲದ ಮೆದೆಗಳನ್ನು ಅವನು ಬೆಳಗು, ಬೈಗು, ಹಿಮ, ಬಿಸಿಲುಗಳಲ್ಲಿ ಮತ್ತೆ ಮತ್ತೆ ಬರೆದ. 1891ರ ಮೇ ತಿಂಗಳಲ್ಲಿ ಅಂಥ 15 ಚಿತ್ರಗಳು ಪ್ಯಾರಿಸ್ಸಿನಲ್ಲಿ ಒಟ್ಟಿಗೆ ಪ್ರದರ್ಶನಗೊಂಡವು. ಇಂಗ್ಲಿಷಿನಲ್ಲಿ ಇವನ್ನು ಹುಲ್ಲಿನ ಬಣವೆ ಅಂತಲೇ ಬಹಳ ಜನ ಕರೆಯುತ್ತಾರೆ. ಅವು ಹುಲ್ಲಲ್ಲ, ತೆನೆ ಸಮೇತ ಒಟ್ಟಿದ ಗೋಧಿ. ನಮ್ಮ ಕಡೆ ಒಕ್ಕಣೆಗೆ ಮುಂಚೆ ತೆನೆ ಇರುವಾಗ ಮೆದೆ ಅಂತಾರೆ, ಒಕ್ಕಿದ ಮೇಲೆ ಉಳಿಯುವುದು ಹುಲ್ಲಿನ ಬಣವೆ. ಒಂದು ಅನ್ನ, ಇನ್ನೊಂದು ದನದ ಮೇವು. ಈ ವ್ಯತ್ಯಾಸ ಹಸಿದವರಿಗೆ ತಿಳಿದಿರುತ್ತದೆ, ರಸಿಕರಿಗೆ ತಿಳಿಯಬೇಕಾಗಿಲ್ಲ. ಆ ಚಿತ್ರಗಳಲ್ಲಿ ಕೊಯ್ದವರಿಲ್ಲ, ಕಟ್ಟಿದವರಿಲ್ಲ, ಒಟ್ಟಿದವರಿಲ್ಲ. ಮೆದೆ ತಾನಾಗಿಯೇ ನೆಲದಿಂದ ಎದ್ದ ಹಾಗೆ ನಿಂತಿದೆ. 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅಂಥದೊಂದು ಮೆದೆಯ ಚಿತ್ರ 11 ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. ದುಡಿಮೆಯ ಫಲವಿದೆ, ದುಡಿದವರಿಲ್ಲ; ಬೆಲೆ ಮಾತ್ರ ಆಕಾಶದಲ್ಲಿ. ಇದೇ ಮೊನೆ 1875ರಲ್ಲಿ ಸೇನ್ ನದಿಯ ದಡದಲ್ಲಿ ಹಲಗೆಗಳ ಮೇಲೆ ಕಲ್ಲಿದ್ದಲು ಹೊತ್ತು ಇಳಿಸುವವರನ್ನು ಬರೆದಿದ್ದ. ಅಂಥ ಚಿತ್ರ ಅವನಲ್ಲಿ ಮತ್ತೆ ಹುಡುಕಿದರೆ ಸಿಗುವುದು ಕಷ್ಟ.

ಹಾಗಾದರೆ ಪಿಸ್ಸಾರೊಗೆ ಸಿಟ್ಟೇ ಇರಲಿಲ್ಲವೇ? ಇತ್ತು, ಬೇಕಾದಷ್ಟಿತ್ತು. ಹಕ್ಕಲಾಯುವವರನ್ನು ಬರೆದ 1889ರಲ್ಲೇ ಅವನು 28 ಶಾಯಿಯ ಚಿತ್ರಗಳ ಒಂದು ಸಂಪುಟ ಮಾಡಿದ. ಅದರ ಹೆಸರಿಗೆ 'ಸಮಾಜದ ಹೇಸಿಗೆಗಳು' ಎಂಬರ್ಥ ಬರುತ್ತದೆ. ಹಸಿವು, ಆತ್ಮಹತ್ಯೆ, ಹಣದ ವಿಗ್ರಹಕ್ಕೆ ಅಡ್ಡಬೀಳುವ ಜನ, ಬೀದಿಯ ದಂಗೆ, ಎಲ್ಲವೂ ಅದರಲ್ಲಿವೆ. ಆದರೆ ಅದನ್ನು ಅವನು ಲಂಡನ್ನಿನಲ್ಲಿದ್ದ ಅಕ್ಕನ ಹೆಣ್ಣುಮಕ್ಕಳಿಗೆ ಖಾಸಗಿಯಾಗಿ ಕಳಿಸಿಕೊಟ್ಟ. ಅದು ಪುಸ್ತಕವಾಗಿ ಹೊರಬಂದದ್ದು 1972ರಲ್ಲಿ, ಅವನು ಸತ್ತು ಅರವತ್ತೊಂಬತ್ತು ವರ್ಷಗಳಾದ ಮೇಲೆ. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷನ ಕೊಲೆಯಾಗಿ ಅರಾಜಕತಾವಾದಿಗಳ ಬೇಟೆ ಶುರುವಾದಾಗ ಬಂಧನದ ಭಯದಿಂದ ಅವನು ಕೆಲವು ತಿಂಗಳು ಬೆಲ್ಜಿಯಮ್ಮಿನಲ್ಲೇ ಉಳಿದ. 1896ರಲ್ಲಿ ಝಾಂ ಗ್ರಾವ್ ನಡೆಸುತ್ತಿದ್ದ ಅರಾಜಕತಾವಾದಿ ಪತ್ರಿಕೆಗೆ ಸೌದೆ ಹೊರುವ ಹೆಂಗಸರ, ಸೂರಿಲ್ಲದವರ ಕಲ್ಲಚ್ಚಿನ ಚಿತ್ರಗಳನ್ನು ಮಾಡಿಕೊಟ್ಟ. ಸಿಟ್ಟು ಕಪ್ಪು ಶಾಯಿಯಲ್ಲಿ, ಬಿಸಿಲು ಎಣ್ಣೆಬಣ್ಣದಲ್ಲಿ. ಶಾಯಿ ಸಂಗಾತಿಗಳಿಗೆ, ಎಣ್ಣೆಬಣ್ಣ ಮಾರುಕಟ್ಟೆಗೆ. ಬಡತನದಲ್ಲಿ ದೊಡ್ಡ ಸಂಸಾರ ಸಾಕುತ್ತಿದ್ದ ಅವನನ್ನು ಇದಕ್ಕಾಗಿ ನಾನು ದೂರುತ್ತಿಲ್ಲ. ಆದರೆ ಮಾರುಕಟ್ಟೆ ಯಾವುದನ್ನು ಕೊಳ್ಳುತ್ತದೆ, ಯಾವುದನ್ನು ಕೊಳ್ಳುವುದಿಲ್ಲ ಎಂಬುದು ಶೈಲಿಯ ಒಳಕ್ಕೂ ಇಳಿಯುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಈ ಸಂಸಾರ ಸಾಕುವ ಮಾತು ಬಂದಾಗ ಇನ್ನೊಬ್ಬಳ ಹೆಸರು ಹೇಳಲೇಬೇಕು, ಜ್ಯೂಲಿ ವೆಲ್ಲೆ. ಬರ್ಗಂಡಿಯ ಹಳ್ಳಿಯ ಕಡೆಯವಳು. ಪಿಸ್ಸಾರೊನ ತಾಯಿಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು. ತಾಯಿ ಈ ಸಂಬಂಧವನ್ನು ಒಪ್ಪಲಿಲ್ಲ. ಇಬ್ಬರ ಮದುವೆ ಕಾಯಿದೆ ಪ್ರಕಾರ ನಡೆದದ್ದು 1871ರಲ್ಲಿ, ಇಂಗ್ಲೆಂಡಿನಲ್ಲಿ. ತರಕಾರಿ ಬೆಳೆದು, ಕೋಳಿ ಮೊಲ ಸಾಕಿ ಮಕ್ಕಳ ಹೊಟ್ಟೆ ತುಂಬಿಸಿದವಳು ಅವಳು. ಚಿತ್ರ ಮಾರಾಟವಾಗದ ದಿನಗಳಲ್ಲಿ ಇಂಪ್ರೆಷನಿಸಂ ಉಸಿರಾಡಿದ್ದು ಇಂಥ ಕೈಗಳ ದುಡಿಮೆಯಿಂದ. ಲಂಡನ್ನಿನ ಟೇಟ್‌ನಲ್ಲಿ 1882ರ ಒಂದು ಚಿತ್ರವಿದೆ. ಪಿಸ್ಸಾರೊನ ಮನೆಯೊಳಗೆ ಹಳ್ಳಿಯ ಹುಡುಗಿಯೊಬ್ಬಳು ಕಸ ಗುಡಿಸುತ್ತಿದ್ದಾಳೆ, ಪಕ್ಕದಲ್ಲಿ ಅವನ ಮಗ ಮೇಜಿನ ಮುಂದೆ ಕೂತಿದ್ದಾನೆ. ಒಬ್ಬಳು ಕೆಲಸದವಳು ಮನೆಯೊಡತಿಯಾದಳು, ಇನ್ನೊಬ್ಬಳು ಪೊರಕೆ ಹಿಡಿದಳು. ಆ ಮಗನ ಹೆಸರು ಕಲಾಚರಿತ್ರೆಯಲ್ಲಿದೆ. ಚಿತ್ರದ ಶೀರ್ಷಿಕೆಯಲ್ಲಿ ಹುಡುಗಿ ಬರೀ ಹಳ್ಳಿಯ ಪುಟ್ಟ ಕೆಲಸದವಳು.

ಇಲ್ಲಿಂದ ನಾನು ನಮ್ಮ ಪ್ರಶ್ನೆಗೆ ಬರುತ್ತೇನೆ. ಪಿಸ್ಸಾರೊನ ಲೋಕವನ್ನು ನಮ್ಮ ಲೋಕಕ್ಕೆ ಹಾಗೇ ಹಚ್ಚಲು ಬರುವುದಿಲ್ಲ. ಅಡುಗೆಮನೆಯ ಜ್ಯೂಲಿ, ತಾಯಿ ಒಪ್ಪದಿದ್ದರೂ, ಅದೇ ಮನೆಯ ಸೊಸೆಯಾದಳು. ಸೇಬು ತಿನ್ನುವ ಹೆಂಗಸು ಮುಟ್ಟಿದ ಸೇಬು ಸೇಬಾಗಿಯೇ ಉಳಿಯುತ್ತದೆ. ನಮ್ಮಲ್ಲಿ? ನಾಟಿ ಹಾಕಿದ ಕೈ, ಕಳೆ ತೆಗೆದ ಕೈ, ಕೊಯ್ದು ಒಕ್ಕಿ ಚೀಲಕ್ಕೆ ತುಂಬಿದ ಕೈ ಭತ್ತವನ್ನು ಮೈಲಿಗೆ ಮಾಡುವುದಿಲ್ಲ. ಅದೇ ಕೈ ಊರಬಾವಿಯ ಹಗ್ಗ ಮುಟ್ಟಿದರೆ ನೀರು ಮೈಲಿಗೆ. ಜಾತಿಯನ್ನು ಶ್ರಮದ ಹಂಚಿಕೆ ಎಂದು ಸಮರ್ಥಿಸುತ್ತಿದ್ದವರಿಗೆ 1936ರಲ್ಲಿ ಅಂಬೇಡ್ಕರ್ ಕೊಟ್ಟ ಉತ್ತರ ನಮಗೆಲ್ಲ ಗೊತ್ತಿದೆ: ಜಾತಿ ಕೆಲಸವನ್ನು ಮಾತ್ರವಲ್ಲ, ಕೆಲಸ ಮಾಡುವವರನ್ನೇ ಮೇಲುಕೀಳಾಗಿ ಒಡೆದಿಡುತ್ತದೆ. ಈ ಒಡಕು ಬಿಸಿಲಿನಲ್ಲಿ ಕಾಣುವುದಿಲ್ಲ. ಒಂದೇ ಗದ್ದೆಯಲ್ಲಿ ಸಾಲಾಗಿ ಬಾಗಿದ ಹತ್ತು ಹೆಂಗಸರನ್ನು ಬರೆಯಿರಿ. ಮಧ್ಯಾಹ್ನ ಊಟಕ್ಕೆ ಕೂತಾಗ ಯಾರು ಯಾರಿಂದ ಎಷ್ಟು ದೂರ ಕೂರುತ್ತಾರೆ ಎಂಬುದು ಆ ಚಿತ್ರದಲ್ಲಿರುವುದಿಲ್ಲ. ಅಸ್ಪೃಶ್ಯತೆಗೆ ಬಣ್ಣವಿಲ್ಲ, ಅದು ಅಂತರದ ಕಟ್ಟಳೆ. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವ ಕಲೆ ಎಷ್ಟೇ ಪ್ರಾಮಾಣಿಕವಾಗಿರಲಿ, ಜಾತಿಯ ಮುಂದೆ ಅದು ಕುರುಡು.

ಕಾಣದ ಕಟ್ಟಳೆ ಪಿಸ್ಸಾರೊನನ್ನೂ ಬಿಡಲಿಲ್ಲ ಎಂಬುದು ಗಮನಾರ್ಹ. 1890ರ ದಶಕದ ಕೊನೆಗೆ ಡ್ರೈಫಸ್ ಪ್ರಕರಣದಲ್ಲಿ ಫ್ರಾನ್ಸ್ ಯಹೂದಿದ್ವೇಷದಿಂದ ಕುದಿಯುತ್ತಿದ್ದಾಗ, ವರ್ಷಗಟ್ಟಲೆ ಜೊತೆಗೆ ಚಿತ್ರ ತೂಗುಹಾಕಿದ್ದ ದೆಗಾ, ರೆನ್ವಾ ಅವನಿಂದ ದೂರ ಸರಿದರು. ಒಂದೇ ಬೆಳಕನ್ನು ಬರೆದವರಲ್ಲೂ ಹುಟ್ಟಿನ ಗೆರೆ ಅಳಿಸಿರಲಿಲ್ಲ.

ಆ ಸೌದೆ ಹೊತ್ತವನ ಚಿತ್ರ ಬರೆದ 1873ರಲ್ಲೇ ಪುಣೆಯಲ್ಲಿ ಜೋತಿರಾವ್ ಫುಲೆಯವರ 'ಗುಲಾಮಗಿರಿ' ಪ್ರಕಟವಾಯಿತು. ಗುಲಾಮಗಿರಿಯನ್ನು ಕಿತ್ತೊಗೆದ ಅಮೆರಿಕದ ಜನರಿಗೆ ಅವರು ಅದನ್ನು ಅರ್ಪಿಸಿದರು. 1883ರಲ್ಲಿ ರೈತನ ಬಾರುಕೋಲನ್ನು ಹೆಸರಾಗಿಟ್ಟುಕೊಂಡ ಇನ್ನೊಂದು ಪುಸ್ತಕ ಬರೆದರು. ಇಬ್ಬರಿಗೂ ಪರಸ್ಪರರ ಸುದ್ದಿ ಇದ್ದಿರಲಾರದು, ಸಾಲ ತೀರಿಸಬೇಕಾದ ಸಂಬಂಧವೂ ಇಲ್ಲ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ಸಂಗತಿ ಹೊಳೆಯುತ್ತದೆ. ಪಿಸ್ಸಾರೊ ಬರೆದದ್ದು ಹೊಲದಲ್ಲಿ ಕಂಡ ಮನುಷ್ಯನನ್ನು. ಫುಲೆ ಬರೆದದ್ದು ಹೊಲದಲ್ಲಿ ಕಾಣದವರನ್ನು, ಅಂದರೆ ಪುರೋಹಿತನನ್ನು, ಸಾಲ ಕೊಟ್ಟವನನ್ನು, ಕಚೇರಿಯ ಗುಮಾಸ್ತನನ್ನು, ಕಂದಾಯವನ್ನು. ಫುಲೆ ಮರವನ್ನೇ ಚೌಕಟ್ಟಿನ ಒಳಕ್ಕೆ ಎಳೆದುತಂದರು.

ದಲಿತ ವಿಮರ್ಶೆ ಇಂಥ ಚಿತ್ರಗಳನ್ನು ಗೋಡೆಯಿಂದ ಇಳಿಸಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸೇಬು ತಿನ್ನುವ ಆ ಹೆಂಗಸನ್ನೂ ಇಳಿಸಿದಂತಾಗುತ್ತದೆ. ನಮ್ಮ ಸಾಹಿತ್ಯದಲ್ಲಿ ದುಡಿಯುವ ಹೆಂಗಸು ಒಂದೋ ಹಾಡುತ್ತಾ ನಾಟಿ ಹಾಕುತ್ತಾಳೆ, ಇಲ್ಲವೇ ಅಳುತ್ತಾ ಸಾಯುತ್ತಾಳೆ. ಮೊದಲನೆಯದು ಅವರ ಕಾವ್ಯ, ಎರಡನೆಯದು ಹಲವು ಸಲ ನಮ್ಮದೇ ಕಥೆ. ನಡುವೆ ಕೂತು ಕಾಫಿ ಕುಡಿಯುವ, ಕೆಲಸ ಕದ್ದು ಒಂದು ಹಣ್ಣು ತಿನ್ನುವ ಹೆಂಗಸನ್ನು ನಾವೂ ಎಷ್ಟು ಸಲ ಬರೆದಿದ್ದೇವೆ? ಸಿಟ್ಟಿನ ಹೆಸರಿನಲ್ಲಿ ನಾವೇ ಅವಳಿಂದ ಆ ಗಳಿಗೆಯನ್ನು ಕಿತ್ತುಕೊಳ್ಳಬಾರದು. ಪಿಸ್ಸಾರೊನಿಂದ ಕಲಿಯಬೇಕಾದದ್ದು ಇದು. ಅವನಲ್ಲಿ ಸಿಗದಿರುವುದನ್ನು ಆ ತೋಟದ ಹುಡುಗಿ ಕೇಳಿದಳು. ಅವಳ ಪ್ರಶ್ನೆಯಲ್ಲಿ ಚಿತ್ರದ ಬಗ್ಗೆ ತಿರಸ್ಕಾರವಿರಲಿಲ್ಲ; ತಿನ್ನುವವಳ ಬಗ್ಗೆ ಆತಂಕವಿತ್ತು, ಯಾರಾದರೂ ನೋಡಿಬಿಟ್ಟಾರೆಂಬ ಆತಂಕ. ಹೊಲದ ಚಿತ್ರವಿರಲಿ, ನಾಟಿಯ ಪದ್ಯವಿರಲಿ, ಹಳ್ಳಿಯ ಕಾದಂಬರಿಯಿರಲಿ, ಮೇಸ್ತ್ರಿ ಎಲ್ಲಿ ನಿಂತಿದ್ದಾನೆ ಎಂದು ಮೊದಲು ಹುಡುಕುವ ಆ ಕಣ್ಣನ್ನು ನಮ್ಮ ವಿಮರ್ಶೆಯ ಪರಿಭಾಷೆಯನ್ನಾಗಿ ಮಾಡಿಕೊಳ್ಳುವುದು ಹೇಗೆ ಎಂಬುದು ಈಗ ಚರ್ಚೆಯಾಗಬೇಕಾದ ವಿಷಯ.